ಗ್ಲೆನ್‌ನ ಜಾಕೆಟ್ಟು

ದೋಹಾದ ಹಳೆಯ ಪೇಟೆ ಸೂಕ್ ವಾಕಿಫ್‌ನ ಹಿಂದಿನ ಗಲ್ಲಿಯಲ್ಲಿ ಉಮರನ ಲಾಂಡ್ರಿ ಶುರುವಾಗಿ ಹದಿನಾರು ವರ್ಷ. ಅಕ್ಕಪಕ್ಕದ ಹೋಟೆಲುಗಳಲ್ಲಿ ಇಳಿದುಕೊಂಡವರು ಬಟ್ಟೆ ತಂದು ಹಾಕುತ್ತಾರೆ, ಮಾರನೆಯ ದಿನ ಒಯ್ಯುತ್ತಾರೆ. ಯಾರ ಮುಖವನ್ನೂ ನೆನಪಿಟ್ಟುಕೊಳ್ಳುವ ಅಗತ್ಯ ಅವನಿಗೆ ಬಿದ್ದಿರಲಿಲ್ಲ. ಹಾಗಿದ್ದೂ ಆ ಬುಧವಾರ ಬೆಳಿಗ್ಗೆ ಒಳಗೆ ಬಂದ ಎತ್ತರದ ಬಿಳಿಯ ಮನುಷ್ಯನನ್ನು ಅವನು ಗುರುತು ಹಿಡಿದ. ಮುಖ ನೋಡಿ ಅಲ್ಲ. ಆ ಮನುಷ್ಯ ಪ್ಯಾಂಟನ್ನು ಕೌಂಟರಿನ ಮೇಲಿಟ್ಟು, ಒಂದೊಂದೇ ಜೇಬನ್ನು ಹೊರಗೆಳೆದು, "ಏನೂ ಇಲ್ಲ, ನೋಡ್ಕೊಳ್ಳಿ" ಎಂದಿದ್ದ. ಹಾಗೆ ಮಾಡುತ್ತಿದ್ದವನು ಉಮರನ ಬದುಕಿನಲ್ಲಿ ಒಬ್ಬನೇ.

"ಹೆಸರು, ಸರ್?"

"ಗ್ಲೆನ್."

ಉಮರ್ ತಲೆ ಎತ್ತದೆ ಚೀಟಿ ಬರೆದ.

ಇರಾಕಿನ ಯುದ್ಧದ ವರ್ಷ ಉಮರನಿಗೆ ಇಪ್ಪತ್ತೊಂದು. ಉಳ್ಳಾಲದಿಂದ ಬಂದು ಆರು ತಿಂಗಳಾಗಿತ್ತು. ದೋಹಾದ ಹೊರಗಿನ ಮರುಭೂಮಿಯಲ್ಲಿ ವಿದೇಶಿ ಸೈನಿಕರ ಒಂದು ಶಿಬಿರವಿತ್ತು. ಅದರ ಬಟ್ಟೆ ಒಗೆಯುವ ಗುತ್ತಿಗೆ ಹಿಡಿದವನ ಕೈಕೆಳಗೆ ಅವನು ಕೆಲಸಕ್ಕಿದ್ದ. ಗ್ಲೆನ್ ಅಲ್ಲಿನ ಆಸ್ಟ್ರೇಲಿಯದ ಸೈನಿಕ. ಯುದ್ಧ ಮಾಡಿದವನು ಎನ್ನುವುದು ಕಷ್ಟ. ವಿಮಾನದಿಂದ ಪೆಟ್ಟಿಗೆ ಇಳಿಸುವುದು, ಡೇರೆ ಹೊಡೆಯುವುದು, ಗೇಟು ಕಾಯುವುದು, ಇಷ್ಟೇ ಅವನ ಪಾಲಿಗೆ ಬಂದ ಯುದ್ಧ. ಉಳಿದ ದಿನಗಳಲ್ಲಿ ಕಾಯಿಲೆ. ಅದು ಉಮರನಷ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ, ಏಕೆಂದರೆ ಎಲ್ಲವೂ ಬಟ್ಟೆಯಲ್ಲೇ ಬರುತ್ತಿತ್ತು. ಬಂದ ವಾರವೇ ಭೇದಿ ಹತ್ತಿ ಹಾಸಿಗೆಯ ಬಟ್ಟೆ ದಿನಕ್ಕೆರಡು ಸಲ ಬಂತು. ಆಮೇಲೆ ತೊಡೆಯಲ್ಲಿ ಹುಳುಕಡ್ಡಿಯಾಗಿ ಬಟ್ಟೆಗೆಲ್ಲ ಮುಲಾಮಿನ ಕಲೆ. ಅದು ವಾಸಿಯಾಗುವ ಹೊತ್ತಿಗೆ ಕಣ್ಣುಬೇನೆ, ಅದರ ಬೆನ್ನಿಗೇ ಜ್ವರ.

ನಡುನಡುವೆ ತಪ್ಪುಗಳು. ಬೆಳಗಿನ ಹಾಜರಿಗೆ ತಡ. ಸಾರ್ಜೆಂಟನಿಗೆ ಎದುರುತ್ತರ. ಒಮ್ಮೆ ಎಲ್ಲಿಂದಲೋ ಬಿಯರ್ ಸಂಪಾದಿಸಿ ಕುಡಿದು ನೀರಿನ ಟ್ಯಾಂಕರಿನ ಅಡಿಯಲ್ಲಿ ಮಲಗಿಬಿಟ್ಟಿದ್ದ. ಶಿಕ್ಷೆಯಾದಾಗಲೆಲ್ಲ ಲಾಂಡ್ರಿಗೆ ಬಂದು ತಾನೇ ಹೇಳಿಕೊಂಡು ನಗುತ್ತಿದ್ದ. ಉಮರನನ್ನು ಹೆಸರು ಹಿಡಿದು ಕರೆಯುತ್ತಿದ್ದ ಸೈನಿಕ ಅವನೊಬ್ಬನೇ.

ಅವನಿಗೆ ಜ್ವರ ಬಂದ ವಾರ ಹಾಸಿಗೆಯ ಬಟ್ಟೆಯ ಗಂಟಿನೊಳಗೆ ಅವನ ದಪ್ಪ ಜಾಕೆಟ್ಟೂ ಬಂತು. ಊರಿನಲ್ಲಿದ್ದ ತಮ್ಮ ಫವಾಝ್ ಪತ್ರದ ಮೇಲೆ ಪತ್ರ ಬರೆದು ಒಂದು ಮಿಲಿಟರಿ ಜಾಕೆಟ್ಟು ಕೇಳುತ್ತಿದ್ದ. ಉಮರ್ ಹೆಚ್ಚು ಯೋಚಿಸಲಿಲ್ಲ. ಬಂದ ಬಟ್ಟೆಗಳ ಪಟ್ಟಿಯಲ್ಲಿ ಜಾಕೆಟ್ಟು ಬರೆಯಲಿಲ್ಲ, ಅಷ್ಟೆ. ಆ ಶುಕ್ರವಾರ ರಜೆಗೆ ಹೊರಟಿದ್ದ ಊರಿನವರೊಬ್ಬರ ಪೆಟ್ಟಿಗೆಯಲ್ಲಿ ಅದು ಹೋಯಿತು.

ಜ್ವರ ಬಿಟ್ಟ ಮೇಲೆ ಗ್ಲೆನ್ ಬಂದು ಕೇಳಿದ. ಉಮರ್ ಪಟ್ಟಿ ತೋರಿಸಿ, "ಮಾಫಿ ಜಾಕೆಟ್, ಸರ್. ಜಾಕೆಟ್ ಇಲ್ಲ" ಎಂದ. ಮೇಲಿನವರು ಗ್ಲೆನ್‌ನ ಮಾತು ನಂಬಲಿಲ್ಲ. ಹಿಂದಿನ ತಪ್ಪುಗಳ ಪಟ್ಟಿ ಉದ್ದವಿತ್ತು. ಕುಡಿತಕ್ಕೆ ಮಾರಿಕೊಂಡಿದ್ದಾನೆ ಎಂದು ಶಿಬಿರವೆಲ್ಲ ಮಾತಾಡಿಕೊಂಡಿತು. ಹದಿನಾಲ್ಕು ದಿನ ಹೊರಗೆ ಕಾಲಿಡುವಂತಿಲ್ಲ, ಕಕ್ಕಸು ತೊಳೆಯಬೇಕು ಎಂದಾಯಿತು. ಶಿಕ್ಷೆ ಮುಗಿದ ದಿನ ಅವನು ಮತ್ತೆ ಬಂದ. ಈ ಸಲ ನಗಲಿಲ್ಲ. "ಉಮರ್, ನಿನ್ನ ಮೇಲೆ ಅನುಮಾನ ಪಟ್ಟೆ. ಜ್ವರದಲ್ಲಿ ನಾನೇ ಎಲ್ಲೋ ಬಿಟ್ಟಿರಬೇಕು. ಕ್ಷಮಿಸು" ಎಂದು ಕೈ ಚಾಚಿದ.

ಉಮರ್ ಆ ಕೈ ಕುಲುಕಿದ್ದ.

ಈಗ ಅದೇ ಕೈ ಚೀಟಿಗಾಗಿ ಮುಂದೆ ಬಂದಿತ್ತು. ಗ್ಲೆನ್ ಈಗಲೂ ಮಾತುಗಾರನೇ. ಐರ್ಲೆಂಡಿನಲ್ಲಿರುವ ಮಗಳ ಮನೆಗೆ ಹೆಂಡತಿಯೊಡನೆ ಹೊರಟಿದ್ದಾನೆ, ಮೂರು ದಿನ ಇಲ್ಲಿ ಉಳಿದಿದ್ದಾನೆ. "ಯುದ್ಧದ ಟೈಮಲ್ಲಿ ಇಲ್ಲೇ ಇದ್ದೆ ನಾನು. ಹೀರೋ ಅಂದ್ಕೊಳ್ಬೇಡಿ. ಹೋದ ವರ್ಷ ನನ್ನ ಸರ್ವಿಸ್ ದಾಖಲೆ ತರಿಸಿದೆ. ಮೂರು ಪುಟ ಕಾಯಿಲೆ, ಒಂದು ಪುಟ ಶಿಕ್ಷೆ. ಮಗಳು ಓದಿ ಓದಿ ನಕ್ಕಳು" ಎಂದ. ಸ್ವಲ್ಪ ತಡೆದು, "ಎಲ್ಲಾ ನಾನು ಮಾಡಿದ್ದೇ. ಒಂದು ಜಾಕೆಟ್ಟಿನ ವಿಷಯ ಮಾತ್ರ ಇವತ್ತಿಗೂ ತಿಳೀಲಿಲ್ಲ" ಎಂದ.

"ನಾಳೆ ಮಧ್ಯಾಹ್ನ ರೆಡಿ, ಸರ್" ಎಂದ ಉಮರ್.

ಗ್ಲೆನ್‌ನ ಬಟ್ಟೆಗಳನ್ನು ಕೆಲಸದವರಿಗೆ ಕೊಡದೆ ತಾನೇ ಒಗೆದು, ತಾನೇ ಇಸ್ತ್ರಿ ಮಾಡಿದ. ಸುಮ್ಮನಿದ್ದರೆ ಮನುಷ್ಯ ಮೂರನೆಯ ದಿನ ವಿಮಾನ ಹತ್ತಿ ಹೋಗುತ್ತಾನೆ, ಖಲಾಸ್. ಅದು ಉಮರನಿಗೆ ಚೆನ್ನಾಗಿ ಗೊತ್ತಿತ್ತು. ಆ ಕೈಕುಲುಕಿನಲ್ಲಿ ತಾನು ಪಟ್ಟ ಸಮಾಧಾನವೂ ನೆನಪಿಗೆ ಬಂತು. ಬಚಾವಾದೆ ಅಂದುಕೊಂಡಿದ್ದ ಅವತ್ತು. ಕಳ್ಳತನಕ್ಕಿಂತ ಅದು ಈಗ ಹೆಚ್ಚು ಹೇಸಿಗೆ ಎನಿಸಿತು.

ಮಾರನೆಯ ದಿನ ಗ್ಲೆನ್ ಬಂದಾಗ ಉಮರನ ಮಗಳು ಫರ್ಝಾನಾ ಕೌಂಟರಿನಲ್ಲಿದ್ದಳು. ಹದಿನೇಳು ವರ್ಷ, ಶಾಲೆಗೆ ರಜೆ ಇದ್ದಾಗ ಬಂದು ಕಂಪ್ಯೂಟರಿನ ಕೆಲಸ ನೋಡಿಕೊಳ್ಳುತ್ತಾಳೆ. ಅವಳನ್ನು ಏನಾದರೂ ನೆಪ ಹೇಳಿ ಹೊರಗೆ ಕಳಿಸೋಣವೆಂದುಕೊಂಡ ಉಮರ್. ಅಷ್ಟರಲ್ಲಿ ಗ್ಲೆನ್ ಬಟ್ಟೆ ಎತ್ತಿಕೊಂಡುಬಿಟ್ಟಿದ್ದ.

"ಸರ್, ನಾನು ಉಮರ್. ಕ್ಯಾಂಪಿನ ಲಾಂಡ್ರಿಯ ಉಮರ್."

ಗ್ಲೆನ್ ಕಣ್ಣು ಕಿರಿದು ಮಾಡಿ ನೋಡಿದ. ಮುಖ ಅರಳಿತು. "ಅರೆ! ನೀನಾ!"

"ಜಾಕೆಟ್ ನಾನು ತೆಗೆದದ್ದು, ಸರ್."

ಅರಳಿದ ಮುಖ ಹಾಗೆಯೇ ಸ್ವಲ್ಪ ಹೊತ್ತು ನಿಂತು, ಮೆಲ್ಲನೆ ಇಳಿಯಿತು. ಫರ್ಝಾನಾ ಕೀಲಿಮಣೆಯ ಮೇಲಿಂದ ಕೈ ತೆಗೆದಳು.

"ಚಳಿ ಇತ್ತೇನು ನಿನಗೆ?" ಎಂದ ಗ್ಲೆನ್ ಕೊನೆಗೆ. "ಇಲ್ಲಿ ಆ ತಿಂಗಳು ಚಳಿ ಇತ್ತು."

ಹೌದು ಎಂದುಬಿಡುವುದು ಸುಲಭವಿತ್ತು. "ಇಲ್ಲ, ಸರ್. ತಮ್ಮನಿಗೆ ಕಳಿಸಿದೆ."

"ಅವನಿಗಾದರೂ ಬೆಚ್ಚಗಾಯ್ತಾ?"

"ನಮ್ಮ ಊರಲ್ಲಿ ಚಳಿಯೇ ಇಲ್ಲ. ಫೋಟೊ ತೆಗೆಸ್ಲಿಕ್ಕೆ ಒಂದು ಸಲ ಹಾಕಿದ. ಮತ್ತೆ ಮೊಳೆಯಲ್ಲಿ ನೇತಾಡಿ ಬೂಷ್ಟು ಬಂತು. ನನ್ನ ತಾಯಿ ಬಿಸಾಡಿದರು."

ಗ್ಲೆನ್ ಬೈಯಲಿಲ್ಲ. ಬೈದಿದ್ದರೆ ತಲೆ ತಗ್ಗಿಸಿ ನಿಲ್ಲಬಹುದಿತ್ತು. "ನಾನು ಬಂದು ನಿನ್ನ ಹತ್ರ ಕ್ಷಮೆ ಕೇಳಿದೆ. ನೀನು ಕೇಳಿಸ್ಕೊಂಡೆ" ಎಂದಷ್ಟೇ ಹೇಳಿದ.

ಇಸ್ತ್ರಿಯ ಆವಿ ಬುಸುಗುಡುತ್ತಿತ್ತು. ಉಮರ್ ಹೋಗಿ ಅದನ್ನು ಆರಿಸಿ ಬಂದ.

"ಬರೆದು ಕೊಡ್ತೀಯಾ?" ಎಂದ ಗ್ಲೆನ್. "ದಾಖಲೆ ಬದಲಾಗಲ್ಲ, ಗೊತ್ತು. ನಮ್ಮಮ್ಮ ಇದ್ದಾಳೆ, ಎಂಬತ್ತಾರು ವರ್ಷ. ಕುಡಿಯೋಕೆ ಮಾರಿಕೊಂಡೆ ಅಂತ ಅವಳೂ ನಂಬಿದ್ದಾಳೆ. ಓದಿ ಹೇಳ್ಬೇಕು."

ಉಮರನ ಇಂಗ್ಲಿಷ್ ಮಾತಿಗೆ ಸಾಕು, ಬರವಣಿಗೆಗೆ ಸಾಲದು. ಅವನು ಮಗಳ ಕಡೆ ನೋಡಿದ. ಅವಳು ಅಪ್ಪನನ್ನು ನೋಡದೆ ಪರದೆಯ ಕಡೆ ತಿರುಗಿ ಕುಳಿತಳು. ಅವನು ಊರಿನ ಮಾತಿನಲ್ಲಿ ಒಂದೊಂದೇ ಸಾಲು ಹೇಳಿದ. ಅವಳು ಇಂಗ್ಲಿಷಿನಲ್ಲಿ ಟೈಪು ಮಾಡಿದಳು. ಯಾವ ವರ್ಷ, ಯಾವ ಶಿಬಿರ, ಯಾರ ಜಾಕೆಟ್ಟು. ಒಂದು ಕಡೆ ಅವಳ ಬೆರಳು ನಿಂತಿತು.

"ಉಪ್ಪಾ, 'ಬೈ ಮಿಸ್ಟೇಕ್' ಅಂತ ಹಾಕ್ತೇನೆ. ಗಡಿಬಿಡಿಯಲ್ಲಿ ಪಟ್ಟಿಯಲ್ಲಿ ಬರೀಲಿಕ್ಕೆ ಬಿಟ್ಟುಹೋಯ್ತು ಅಂತ."

ಅವಳ ದನಿ ಸಣ್ಣಗಿತ್ತು. ಅಪ್ಪನಿಗೆ ಒಂದು ಬಾಗಿಲು ತೆರೆದಿಡುತ್ತಿದ್ದಳು ಹುಡುಗಿ.

"ಬೇಡ ಮಗಾ. ಕದ್ದದ್ದು ಅಂತ ಹಾಕು."

"ಆ ವರ್ಡೇ ಬೇಕಾ?"

"ಅದೇ ಬೇಕು. ಕೇಳಿದಾಗ ಸುಳ್ಳು ಹೇಳಿದ್ದೂ ಹಾಕು."

ಅವಳು ಹಾಕಿದಳು. ಅಂಗಡಿಯ ಹೆಸರಿದ್ದ ಹಾಳೆಯಲ್ಲಿ ಅದು ಮುದ್ರಣವಾಗಿ ಬಂತು. ಉಮರ್ ಸಹಿ ಹಾಕಿ ಅಂಗಡಿಯ ಮೊಹರನ್ನೂ ಒತ್ತಿದ. ಗ್ಲೆನ್ ನಿಂತಲ್ಲೇ ಎರಡು ಸಲ ಓದಿದ, ನಾಲ್ಕಾಗಿ ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡ.

"ಥ್ಯಾಂಕ್ಸ್" ಎಂದ. ಕೈ ಚಾಚಲಿಲ್ಲ. ಬಾಗಿಲು ತಳ್ಳಿ ಬಿಸಿಲಿಗಿಳಿದ.

ಮಧ್ಯಾಹ್ನ ಊಟಕ್ಕೆ ಮನೆಗೆ ಹೊರಟಾಗ ಕಾರಿನಲ್ಲಿ ಫರ್ಝಾನಾ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದಳು. ಎರಡು ಸಿಗ್ನಲ್ ದಾಟಿದ ಮೇಲೆ ತಾಯಿಯ ಮಾತೆತ್ತಿದಳು.

"ಉಮ್ಮನಿಗೆ ಗೊತ್ತುಂಟಾ?"

"ಇಲ್ಲ. ಇವತ್ತು ಹೇಳ್ತೇನೆ."

"ಮತ್ತೆ ಬೇರೆ ಏನಾದ್ರೂ ಉಂಟಾ ಉಪ್ಪಾ? ಹೀಗಿದ್ದು?"

"ಇಲ್ಲ ಮಗಾ" ಎಂದ ಉಮರ್.

ಅದು ನಿಜವೇ ಆಗಿತ್ತು. ಆದರೆ ಅವಳು ತಿರುಗಿ ಅವನ ಮುಖವನ್ನು ನೋಡಿದಳು, ನಿಜವೋ ಸುಳ್ಳೋ ಎಂದು ಹುಡುಕುವಂತೆ. ಅವಳು ಹಾಗೆ ನೋಡಿದ್ದು ಅದೇ ಮೊದಲು. ಉಮರ್ ರಸ್ತೆಯ ಮೇಲೆ ಕಣ್ಣಿಟ್ಟು ಕಾರು ಓಡಿಸಿದ.