ಸುಣ್ಣದ ಗೂಡಿನ ಪುಸ್ತಕ

ಬಿಳಿಯ ಸುಣ್ಣದ ನೆಲದ ಮೇಲೆ ನನ್ನ ನೆರಳು ಉದ್ದಕ್ಕೆ ಬಿದ್ದಿತ್ತು. ಹೆಗಲಿನಿಂದ ಇಳಿದ ಸೆರಗು, ಜಡೆ, ಕ್ಯಾಮೆರಾ ಹಿಡಿದೆತ್ತಿದ ಮೊಣಕೈಗಳು, ಎಲ್ಲವೂ ಸ್ಪಷ್ಟ. ಸುಣ್ಣ ಸುಡುವ ಗೂಡಿನಲ್ಲಿ ದುಡಿಯುವ ಹೆಂಗಸರ ಚಿತ್ರ ತೆಗೆಯಲು ನಾನು ಎಳೆಬಿಸಿಲಿಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದೆ. ಹಾಗಾಗಿ ಪ್ರತಿ ಚಿತ್ರದ ತಳದಲ್ಲೂ ಆ ನೆರಳು ಬಂದು ಕೂರುತ್ತಿತ್ತು.

"ಇದೊಂದು ದೋಷ ನೋಡಮ್ಮ" ಎನ್ನುತ್ತಿದ್ದರು ಭುಜಂಗರಾಯರು. ಊರಿನ ಹೆಸರಾಂತ ಛಾಯಾಗ್ರಾಹಕರು, ನನಗೆ ಕ್ಯಾಮೆರಾ ಹಿಡಿಯಲು ಕಲಿಸಿದ ಗುರುಗಳು. ತಿದ್ದಿಕೊಡುತ್ತೇನೆಂದು ಪ್ರಿಂಟುಗಳನ್ನೆಲ್ಲ ಇಟ್ಟುಕೊಂಡರು. ಮುಂದೆ ಅವನ್ನು ನಾನು ಕಂಡದ್ದು ಅವರದೇ ಪ್ರದರ್ಶನದಲ್ಲಿ, ಅವರದೇ ಹೆಸರಿನಲ್ಲಿ. ನೆರಳಿದ್ದ ಭಾಗವನ್ನು ನೀಟಾಗಿ ಕತ್ತರಿಸಿದ್ದರು.

"ಸರ್, ಇವು ನನ್ನವು" ಎಂದೆ, ಎಲ್ಲರೆದುರಿಗೆ.

ರಾಯರು ನಕ್ಕರು. "ನನ್ನ ಬ್ಯಾಗ್ ಹಿಡ್ಕೊಂಡು ಬರ್ತಿದ್ದ ಹುಡುಗಿ. ಈಗ ಚಿತ್ರಾನೂ ತನ್ನದೇ ಅಂತಿದಾಳೆ, ಪಾಪ."

ಸುತ್ತ ನಿಂತವರೂ ನಕ್ಕರು. ನೆಗೆಟಿವುಗಳು ನನ್ನ ಬಳಿಯಿವೆ ಎಂದೆ; ನೋಡಲು ಯಾರೂ ಬರಲಿಲ್ಲ. ಆ ನಗು ಮಾತ್ರ ನನ್ನೊಳಗೆ ಕುದಿಯುತ್ತಲೇ ಇತ್ತು.

ಕ್ಯಾಮೆರಾ ಬಿಟ್ಟೆ. ಇಮಾಮ್ ಸಾಹೇಬರ ಬೈಂಡಿಂಗ್ ಅಂಗಡಿ ಸೇರಿ ಚಿತ್ರಪುಸ್ತಕಗಳ ವಿನ್ಯಾಸಕ್ಕಿಳಿದೆ. ಪುಸ್ತಕಕ್ಕೂ ಒಂದು ಮೈಯಿದೆಯೆಂದು ತಿಳಿದದ್ದು ಅಲ್ಲೇ. ಎದುರುಬದುರು ಕುಳಿತ ಎರಡು ಚಿತ್ರಗಳು ಮಾತಾಡಿಕೊಳ್ಳುತ್ತವೆ. ನಡುವೆ ಬರುವ ಖಾಲಿ ಹಾಳೆ ಕಾತರ ಹುಟ್ಟಿಸುತ್ತದೆ. ಒಮ್ಮೆ ಸಾಹೇಬರು ಹಳೆಯ ನಕ್ಷೆಗಳ ಪುಸ್ತಕವೊಂದನ್ನು ರಿಪೇರಿ ಮಾಡುತ್ತಿದ್ದರು. ಪುಟಕ್ಕಿಂತ ಉದ್ದವಾದ ನಕ್ಷೆಯ ತಳಭಾಗವನ್ನು ಹಿಂದಕ್ಕೆ ಮಡಿಚಿದ್ದರು. ಎಳೆದೆ. ಊರಿನ ಕೆಳಗೆ ಇಡೀ ನದಿಯೇ ಬಿಚ್ಚಿಕೊಂಡಿತು. ನನ್ನ ದಾರಿ ನನಗೆ ಸಿಕ್ಕಿತ್ತು.

ಕಾದೆ. ರಾಯರಿಗೆ ಸನ್ಮಾನ ನಿಗದಿಯಾಯಿತು, ಅದಕ್ಕೊಂದು ಪುಸ್ತಕ ಬೇಕಾಯಿತು. ಊರಿನಲ್ಲಿ ಅಂಥದ್ದನ್ನು ಮಾಡುವವರು ನಾವಷ್ಟೇ.

"ಹಳೇದೆಲ್ಲ ಮರ್ತಿದೀಯ ತಾನೆ?" ಎಂದರು ರಾಯರು.

"ಯಾವುದು ಸರ್?" ಎಂದೆ. ಅವರು ಒಪ್ಪಿದ ಮಾದರಿಯಲ್ಲಿ ಮಡಿಚಿದ ಹಾಳೆಗಳಿರಲಿಲ್ಲ. ಅಚ್ಚಿಗೆ ಮಾತ್ರ ಸುಣ್ಣದ ಗೂಡಿನ ಚಿತ್ರಗಳನ್ನು ನನ್ನ ನೆಗೆಟಿವುಗಳಿಂದ ಪೂರ್ತಿಯಾಗಿ ತೆಗೆದುಕೊಟ್ಟೆ.

ಹೊಲಿಗೆಗೆ ಕೂತಾಗ ಸಾಹೇಬರು ಹಿಂಜರಿದರು. "ದೊಡ್ಡ ಮನುಷ್ಯರು. ತುಂಬಿದ ಸಭೇಲಿ ಬೇಡ ಬೇಟಿ."

"ನನ್ನನ್ನ ನಗೆಪಾಟಲು ಮಾಡಿದ್ದೂ ತುಂಬಿದ ಸಭೇಲೇ ಸಾಹೇಬ್ರೆ."

ಅವರು ಸೂಜಿಗೆ ದಾರ ಪೋಣಿಸಿದರು.

ಪುಸ್ತಕಗಳು ಅಂಗಡಿಯಿಂದ ನೇರ ಸಭಾಂಗಣಕ್ಕೆ ಹೋದವು. ಬಿಡುಗಡೆಯಾಗಿ ಪ್ರತಿಗಳು ಕೈಯಿಂದ ಕೈಗೆ ಹರಡಿದವು. ಮುಂದಿನ ಸಾಲಿನಲ್ಲಿದ್ದ ರಾಯರ ಹೆಂಡತಿ ಸುಭದ್ರಮ್ಮ ಪುಟದ ತಳದಲ್ಲಿ ಬೆರಳಿಗೆ ಸಿಕ್ಕ ಅಂಚನ್ನು ಎಳೆದರು. ಸುಣ್ಣದ ನೆಲದ ಮೇಲೆ ಆ ನೆರಳು ಉದ್ದಕ್ಕೆ ಚಾಚಿಕೊಂಡಿತು.

"ರೀ" ಎಂದರು ಆಕೆ, ಮೈಕಿಲ್ಲದೆಯೂ ಎಲ್ಲರಿಗೂ ಕೇಳುವಂತೆ, "ಇದ್ಯಾರ ನೆರಳು? ನೀವು ಸೀರೆ ಉಟ್ಕೊಂಡು ಫೋಟೋ ತೆಗೀತಿದ್ರಾ?"

ಒಬ್ಬರು ನಕ್ಕರು. ಆಮೇಲೆ ಸಾಲುಸಾಲಾಗಿ ಹಾಳೆಗಳು ಬಿಚ್ಚಿಕೊಂಡವು. ಕೊನೆಯ ಸಾಲಿನಲ್ಲಿ ನಾನು ಎದ್ದು ನಿಂತೆ. ಜಡೆಯನ್ನು ಮುಂದಕ್ಕೆ ಹಾಕಿಕೊಂಡೆ. ತಲೆಗಳು ಒಂದೊಂದಾಗಿ ನನ್ನ ಕಡೆ ತಿರುಗಿದವು. ನನಗೆ ರಾಯರ ಮೇಲೆ ಕನಿಕರ ಹುಟ್ಟಲಿಲ್ಲ, ಹುಟ್ಟಬಹುದೆಂದು ಹೆದರಿದ್ದೆ.

ವೇದಿಕೆಯ ಮೇಲೆ ರಾಯರು, ಕೊರಳಲ್ಲಿ ಹಾರ ಹೊತ್ತು, ತಮ್ಮ ಪ್ರತಿಯ ಹಾಳೆಯನ್ನು ಅಂಗೈಯಿಂದ ಒತ್ತಿ ಒತ್ತಿ ಮಡಿಚುತ್ತಿದ್ದರು. ದಪ್ಪ ಕಾಗದ, ಹೊಸದು. ಕೈ ತೆಗೆದೊಡನೆ ಅದು ಮೆಲ್ಲಗೆ ತೆರೆದುಕೊಳ್ಳುತ್ತಿತ್ತು.