ಚುಕ್ಕಿ ಹೇಳಿದ ಸಾಕ್ಷಿ

ಬೇಕರಿಯವನ ಬಲಗೈ ಮುರಿದದ್ದು ಬೇರೆ ಯಾರಿಂದಲೂ ಅಲ್ಲ, ಅವನ ಹೆಂಡತಿಯ ಸ್ವಂತ ತಮ್ಮನಿಂದ. ತಮ್ಮ ದರ್ಜಿ. ರಸ್ತೆಯ ಆಚೆ ಬದಿ, ಹೊಸದಾಗಿ ಎದ್ದ ಗಾಜಿನ ಕಟ್ಟಡದ ಬೆನ್ನಿಗೆ ಅಂಟಿಕೊಂಡ ಕೋಣೆಯಲ್ಲಿ ಅವನ ವಾಸ, ಅಲ್ಲೇ ಹೊಲಿಗೆ. ಅವನ ಅಪ್ಪನ ಕಾಲದ ಹೊಲಿಗೆ ಯಂತ್ರ ಬೇಕರಿಯ ಉಗ್ರಾಣದ ಮೂಲೆಯಲ್ಲಿ ತುಕ್ಕು ಹಿಡಿಯುತ್ತಿತ್ತು. ಹೊಸ ಒಲೆಗೆ ಜಾಗ ಬೇಕೆಂದು ಬೇಕರಿಯವನು ಒಂದು ಮಾತೂ ಕೇಳದೆ ಅದನ್ನು ಗುಜರಿಗೆ ಹಾಕಿದ. ಸುದ್ದಿ ತಿಳಿದ ದರ್ಜಿ ಕೆಂಡವಾಗಿ ಬಂದು ಭಾವನನ್ನು ಮೆಟ್ಟಿಲ ಮೇಲಿಂದ ತಳ್ಳಿಬಿಟ್ಟ.

ಕೇಸಾಯಿತು. ವಿಚಾರಣೆ ಮುಗಿಯುವ ತನಕ ದರ್ಜಿ ಮನೆಯ ಹೊಸಿಲು ದಾಟಬಾರದು, ಬೇಕರಿಯ ಹತ್ತಿರವಂತೂ ಸುಳಿಯಲೇಬಾರದು ಎಂಬ ಷರತ್ತಿನ ಮೇಲೆ ಜಾಮೀನು ಸಿಕ್ಕಿತು. ಅವನ ಕಾಲಿಗೊಂದು ಪಟ್ಟಿ ಕಟ್ಟಿದರು. ಉಪಗ್ರಹಗಳ ಸಂಕೇತ ಹಿಡಿದು, ಅವನು ಎಲ್ಲಿದ್ದಾನೆಂದು ಠಾಣೆಯ ಪರದೆಯ ಮೇಲೆ ಕೆಂಪು ಚುಕ್ಕಿಯಾಗಿ ತೋರಿಸುವ ಪಟ್ಟಿ ಅದು.

ಕೆಲವು ದಿನ ಕಳೆದ ಮೇಲೆ ಪೇದೆಯೊಬ್ಬ ಬೇಕರಿಗೆ ಬಂದ. ಹಿಂದಿನ ಮಧ್ಯಾಹ್ನ ಚುಕ್ಕಿ ಬೇಕರಿಯ ಹಿಂಬಾಗಿಲಲ್ಲಿ ಬಹಳ ಹೊತ್ತು ನಿಂತಿತ್ತಂತೆ. ದರ್ಜಿ ಬಂದು ಹೆದರಿಸಿದನೇ ಎಂದು ಕೇಳಿದ.

ಹಿಂದಿನ ಮಧ್ಯಾಹ್ನ ಆ ಹಿಂಬಾಗಿಲಲ್ಲಿ ಕೂತಿದ್ದವನು ಬೇಕರಿಯವನೇ. ಹಿಟ್ಟು ನಾದಲು ಕೈ ಇಲ್ಲದೆ, ಮಾಡಲು ಕೆಲಸವಿಲ್ಲದೆ, ಮೈದಾ ಮೂಟೆಯ ಮೇಲೆ ಕೂತು ಬೀದಿ ನೋಡುತ್ತಿದ್ದ. ಒಂದು ಬೆಕ್ಕು ಬಿಟ್ಟರೆ ಇನ್ಯಾರೂ ಬಂದಿರಲಿಲ್ಲ. ಆದರೆ ಪೇದೆ ಕೇಳಿದ ಹೊತ್ತಿಗೆ ಕೈ ಒಳಗಿಂದ ಕುಕ್ಕುತ್ತಿತ್ತು, ಸಿಟ್ಟು ಇನ್ನೂ ಆರಿರಲಿಲ್ಲ.

"ನಾನು ನೋಡ್ಲಿಲ್ಲ" ಎಂದ.

ಪೇದೆ ತಲೆಯಾಡಿಸಿ ಬರೆದುಕೊಂಡ. ಹಾಗಾದರೆ ಕಣ್ತಪ್ಪಿಸಿ ಬಂದಿರಬೇಕು, ಜಾಮೀನು ರದ್ದಾಗುವುದು ಖಂಡಿತ ಎಂದು ಹೇಳಿ ಹೋದ. ಬೇಕರಿಯವನು ಆಡಿದ ಮಾತು ಸುಳ್ಳಲ್ಲ, ನಿಜವೂ ಅಲ್ಲ; ತಾನು ಅಲ್ಲೇ ಕೂತಿದ್ದೆ ಎಂಬುದನ್ನು ಅವನು ಬಿಟ್ಟುಬಿಟ್ಟಿದ್ದ.

ಹೆಂಡತಿ ಅತ್ತು ಕರೆದು ಮಾಡುವವಳಲ್ಲ. ಗಂಡನಿಗೂ ತಮ್ಮನಿಗೂ ನಡುವೆ ಅಡಕತ್ತರಿಯಲ್ಲಿ ಸಿಕ್ಕವಳು ಮೊದಲಿನಿಂದಲೂ ಬಾಯಿ ಬಿಟ್ಟಿರಲಿಲ್ಲ. ಅಂದು ಅವನಿಗೆ ಅನ್ನ ಕಲಸಿಕೊಡುತ್ತ ಒಂದೇ ಮಾತು ಕೇಳಿದಳು.

"ನೀವು ನಿನ್ನೆ ಮಧ್ಯಾಹ್ನವೆಲ್ಲ ಹಿಂಬಾಗಿಲಲ್ಲೇ ಕೂತಿದ್ರಲ್ವಾ?"

ಅವನು ತಟ್ಟೆ ಪಕ್ಕಕ್ಕೆ ಸರಿಸಿ ಎದ್ದ.

ಜಾಮೀನು ರದ್ದತಿಯ ವಿಚಾರಣೆಯ ದಿನ ಯಾರೂ ಕರೆಯದಿದ್ದರೂ ಅವನು ನ್ಯಾಯಾಲಯಕ್ಕೆ ಹೋದ. ದರ್ಜಿ ತಲೆ ತಗ್ಗಿಸಿ ನಿಂತಿದ್ದ. ತಾನು ಕೋಣೆ ಬಿಟ್ಟು ಕದಲಿಲ್ಲವೆಂದು ಎಷ್ಟು ಸಲ ಹೇಳಿದರೂ ಚುಕ್ಕಿಯ ಮುಂದೆ ಆ ಮಾತು ನಡೆಯುತ್ತಿರಲಿಲ್ಲ. ಬೇಕರಿಯವನು ಎದ್ದು, ತನಗೆ ಹೇಳುವುದಿದೆ ಎಂದ. ಏಟು ತಿಂದವನೇ ಏಟು ಕೊಟ್ಟವನ ಪರ ಎದ್ದದ್ದು ಕಂಡು ನ್ಯಾಯಾಧೀಶೆ ಕನ್ನಡಕ ತೆಗೆದಿಟ್ಟರು. ಉಪಗ್ರಹ ತಪ್ಪು ಹೇಳುತ್ತದೆ ಅನ್ನುತ್ತೀರಾ ಎಂದು ಕೇಳಿದರು.

"ಉಪಗ್ರಹದ ವಿಷಯ ನಂಗೊತ್ತಿಲ್ಲಮ್ಮ. ಬಾಗಿಲಲ್ಲಿ ಕೂತಿದ್ದೋನು ನಾನು. ಅವನು ಬಂದಿರ್ಲಿಲ್ಲ. ಪೊಲೀಸ್ನೋರು ಕೇಳಿದಾಗ ಸಿಟ್ಟಲ್ಲಿ ಅರ್ಧ ಮಾತು ಹೇಳ್ದೆ."

ಕಾಲಿನ ಪಟ್ಟಿ ತಯಾರಿಸುವ ಕಂಪನಿಯ ಎಂಜಿನಿಯರಮ್ಮನನ್ನು ಕರೆಸಿದರು. ಸಂಕೇತ ನೆಟ್ಟಗೆ ಬಂದರೆ ಜಾಗ ಸರಿಯಾಗಿಯೇ ತೋರುತ್ತದೆ, ಎತ್ತರದ ಗಾಜಿನ ಕಟ್ಟಡಕ್ಕೆ ಬಡಿದು ಸುತ್ತಿ ಬಂದರೆ ಚುಕ್ಕಿ ದಾರಿ ತಪ್ಪಬಹುದು ಎಂದು ಆಕೆ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಳು. ಪರೀಕ್ಷೆ ಮಾಡಿಯೇ ನೋಡೋಣ ಎಂದರು ನ್ಯಾಯಾಧೀಶೆ. ಪಟ್ಟಿ ಕಟ್ಟಿಸಿಕೊಳ್ಳುವ ಭಾಗ್ಯ ಅದೇ ಪೇದೆಗೆ ಬಂತು. ದರ್ಜಿಯ ಕೋಣೆಯಲ್ಲಿ ಇಡೀ ಮಧ್ಯಾಹ್ನ ಸ್ಟೂಲಿನ ಮೇಲೆ ಕೂತು ಅವನು ತೂಕಡಿಸುತ್ತಿದ್ದರೆ, ಅವನ ಚುಕ್ಕಿ ಮಾತ್ರ ರಸ್ತೆ ದಾಟಿ, ಬೇಕರಿಯ ಅಂಗಳದಲ್ಲಿ ಅಡ್ಡಾಡಿ, ಒಲೆಯೊಳಗೂ ಒಮ್ಮೆ ಹೊಕ್ಕು ಬಂತು.

ಜಾಮೀನು ಉಳಿಯಿತು. ಇನ್ನು ಮುಂದೆ ಚುಕ್ಕಿ ದಾರಿ ತಪ್ಪಿದರೆ ಮೊದಲು ಮನೆಗೆ ಹೋಗಿ ನೋಡಬೇಕು, ಆಮೇಲೆ ದೂರು ಎಂದು ಆದೇಶವಾಯಿತು. ಹೊರಗಿನ ಮೊಗಸಾಲೆಯಲ್ಲಿ ದರ್ಜಿ ಗೋಡೆ ನೋಡುತ್ತ ಕೇಳಿದ:

"ಯಾಕೆ ಹೇಳಿದ್ರಿ, ಭಾವ?"

"ನೀನು ಬಂದಿದ್ರೆ ಬಂದಿದ್ದ ಅಂತಾನೇ ಹೇಳ್ತಿದ್ದೆ. ಕೈ ಮುರಿದಿದ್ದಕ್ಕೆ ನೀನು ಉತ್ತರ ಕೊಡ್ಲೇಬೇಕು."

"ಕೊಡ್ತೀನಿ. ತಳ್ಳಿದ್ದು ನಾನೇ."

ಆ ಮಾತನ್ನು ಅವನು ಮುಂದಿನ ವಿಚಾರಣೆಯಲ್ಲಿ ನ್ಯಾಯಾಧೀಶೆಯ ಮುಂದೆಯೂ ಹೇಳಿದ. ಶಿಕ್ಷೆಯೂ ಆಯಿತು, ಜೈಲಲ್ಲ, ಇನ್ನಷ್ಟು ತಿಂಗಳು ಮನೆಯಲ್ಲೇ ಬಂಧನ.

ಅಕ್ಕ ಮತ್ತೆ ರಸ್ತೆ ದಾಟಿ ತಮ್ಮನ ಮನೆಗೆ ಹೋಗಿಬರತೊಡಗಿದಳು. ಒಂದು ಸಂಜೆ ಬೇಕರಿಯವನೂ ಅವಳ ಹಿಂದೆ ಹೋದ. ಬಾಗಿಲಲ್ಲಿ ನಿಂತು, ಯಂತ್ರದ ವಿಷಯ ನಿನ್ನನ್ನು ಕೇಳಬೇಕಿತ್ತು ಎಂದ. ಅಷ್ಟು ಹೇಳುವಷ್ಟರಲ್ಲಿ ಬೆವೆತುಹೋದ. ದರ್ಜಿ, ಪ್ಲಾಸ್ಟರ್ ಹಾಕಿದ ಕೈ ತೂರದೆ ಭಾವನ ಅಂಗಿಯ ತೋಳು ಭುಜದಿಂದ ಖಾಲಿ ಜೋತಾಡುತ್ತಿದ್ದುದನ್ನೇ ನೋಡುತ್ತಿದ್ದ.

"ಒಳಗೆ ಬನ್ನಿ, ಅಂಗಿ ತೆಗೀರಿ" ಎಂದ. ತೋಳಿನ ಹೊಲಿಗೆ ಬಿಚ್ಚಿ, ಅಗಲಕ್ಕೊಂದು ತುಂಡು ಬಟ್ಟೆ ಸೇರಿಸಿ, ಹೊಲಿಯಲು ಕೂತ. ಬೇಕರಿಯವನು ಬನಿಯನ್ನಿನಲ್ಲೇ ಸ್ಟೂಲಿನ ಮೇಲೆ ಕೂತು ಕಾದ.