ಬುಡ ಬಿಟ್ಟ ಅಣಬೆ

ನಮ್ಮ ಭಾವ ಎರಡು ವರ್ಷ ಕಾಡಿನ ಅಣಬೆ ತಿಂದ್ರು ಅಂತ ಬೀದಿಯೆಲ್ಲ ನಂಬಿತ್ತು. ಒಂದು ಚೂರೂ ತಿಂದಿರಲಿಲ್ಲ, ಪಾಪ. ತಿಂದಿದ್ದೆಲ್ಲ ಅಂಗಡಿ ಅಣಬೆ, ಪೊಟ್ಟಣದಲ್ಲಿ ಬರುತ್ತಲ್ಲ, ಅದು. ತಂದುಕೊಡ್ತಿದ್ದವಳು ನಾನು. ಅವರು ಬುಟ್ಟಿ ತುಂಬ ಆರಿಸಿ ತಂದಿದ್ದನ್ನ ಕಸಕ್ಕೆ ಹಾಕ್ತಿದ್ದವಳು ನನ್ನ ಅಕ್ಕ, ಅಂದ್ರೆ ಅವರ ಹೆಂಡತಿ.

ಭಾವ ಆಯಸ್ಸೆಲ್ಲ ತೂಕ-ಅಳತೆ ಇಲಾಖೆಯಲ್ಲಿ ಕೂತು ಬೇರೆಯವರ ತಕ್ಕಡಿ ತಪ್ಪು ಅಂತ ಬರೆದವರು. ರಿಟೈರ್ ಆದ ಮೇಲೆ ತಪ್ಪು ಹಿಡಿಯೋಕೆ ಅಕ್ಕನ್ನ ಬಿಟ್ರೆ ಯಾರೂ ಸಿಗಲಿಲ್ಲ. ಆಗ ಯಾರೋ ನಡೆಸಿದ ಎರಡು ದಿನದ ಅಣಬೆ ಶಿಬಿರಕ್ಕೆ ಹೋದ್ರು. ಮೊದಲ ದಿನ ಭಾಷಣ, ಎರಡನೇ ದಿನ ಅರ್ಧ ಹೊತ್ತು ತೋಪಿನಲ್ಲಿ ಸುತ್ತಾಟ, ಕೊನೆಗೆ ಸರ್ಟಿಫಿಕೇಟು. ಅದಕ್ಕೆ ಕಟ್ಟು ಹಾಕಿಸಿ, ಮದುವೆ ಫೋಟೋ ಇಳಿಸಿ, ಅದೇ ಮೊಳೆಗೆ ನೇತುಹಾಕಿದ್ರು. ಅಲ್ಪನಿಗೆ ಐಶ್ವರ್ಯ ಬಂದ್ರೆ ಅರ್ಧರಾತ್ರೀಲಿ ಕೊಡೆ ಹಿಡಿದನಂತೆ. ನಮ್ಮ ಭಾವ ಹಿಡಿದಿದ್ದು ಚಾಕು. ಮರದ ಹಿಡಿ, ಬಾಗಿದ ಅಲಗು, ಹಿಡಿಯ ತುದಿಯಲ್ಲಿ ಮಣ್ಣು ಒರೆಸೋಕೆ ಪುಟ್ಟ ಬ್ರಷ್ಷು. ಹಾಲು ತರೋಕೆ ಹೋಗೋವಾಗಲೂ ಅದು ಸೊಂಟದಲ್ಲಿ. ಅವತ್ತಿಂದ ನಾನು ಅವರನ್ನ ಪಂಡಿತರು ಅಂತಲೇ ಕರೆಯೋದು. ಎದುರಿಗಲ್ಲ, ಹಿಂದೆ.

ನಾನು ಕಾರ್ಖಾನೆ ಕ್ಯಾಂಟೀನಿನಲ್ಲಿ ಇಪ್ಪತ್ತಾರು ವರ್ಷದಿಂದ ಅಡುಗೆ ಮಾಡ್ತಿರೋಳು. ದಿನಕ್ಕೆ ನಾನೂರು ಜನ ನನ್ನ ಕೈಯಡುಗೆ ಉಣ್ತಾರೆ. ಊಟದ ಬಗ್ಗೆ ಉದ್ದುದ್ದ ಮಾತಾಡೋರನ್ನ ಕಂಡ್ರೆ ನನಗಾಗಲ್ಲ. ಗೊತ್ತಿರೋರು ಬಾಯಿ ಮುಚ್ಚಿಕೊಂಡು ಒಲೆ ಮುಂದೆ ನಿಂತಿರ್ತಾರೆ. ತುಂಬಿದ ಕೊಡ ತುಳುಕಲ್ಲ ಅಂತ ಸುಮ್ಮನೆ ಹೇಳಿದ್ದಾರಾ?

ಅಣಬೆ ನಮಗೇನು ಹೊಸದಲ್ಲ. ನಮ್ಮಮ್ಮನೂ ಆರಿಸಿ ತರ್ತಿದ್ದಳು, ಆದ್ರೆ ಅವಳು ಕತ್ತರಿಸ್ತಿರಲಿಲ್ಲ. ಬೆರಳನ್ನ ಮಣ್ಣೊಳಗೆ ಇಳಿಸಿ ಬುಡಸಮೇತ ಎತ್ತಿ, ತಲೆಕೆಳಗು ಮಾಡಿ ನೋಡ್ತಿದ್ದಳು. ಬುಡದಲ್ಲಿ ಒಡೆದ ಮೊಟ್ಟೆಸಿಪ್ಪೆ ಥರ ಚೀಲ ಕಂಡರೆ ಮುಗೀತು, ಅಣಬೆ ಎಷ್ಟು ಚೆಂದ ಇದ್ರೂ ಕಾಲಲ್ಲಿ ಹೊಸಕಿಬಿಡ್ತಿದ್ದಳು. ಅಡುಗೆ ಮಾಡಿದ ದಿನ ಒಂದು ಹಸಿ ಅಣಬೆ, ಬುಡ ಮಣ್ಣು ಎಲ್ಲ ಇದ್ದ ಹಾಗೇ, ಬಟ್ಟಲಲ್ಲಿ ಹಾಕಿ ಕಿಟಕಿ ಮೇಲೆ ಇಡ್ತಿದ್ದಳು. ಮಾರನೇ ದಿನ ಸಂಜೆವರೆಗೆ ಅದನ್ನ ಯಾರೂ ಮುಟ್ಟೋ ಹಾಗಿಲ್ಲ. "ಅದು ಸಾಕ್ಷಿ. ಯಾರಿಗಾದ್ರೂ ಹೊಟ್ಟೆ ಕೆಟ್ರೆ ಡಾಕ್ಟರಿಗೆ ಏನು ತೋರಿಸ್ತೀರ, ನನ್ನ ಮುಖಾನಾ?" ಅಂತಿದ್ದಳು.

ಪಂಡಿತರು ಇದನ್ನ ಕೇಳಿ ನಕ್ಕುಬಿಟ್ರು. "ನೋಡಮ್ಮಾ, ವೈಜ್ಞಾನಿಕವಾಗಿ ನೋಡಿದ್ರೆ ಬುಡ ಕೀಳೋದು ಅನಾಗರಿಕರ ಕೆಲಸ. ನೆಲಕ್ಕೆ ನೋವಾಗುತ್ತೆ. ಮಣ್ಣಿನಿಂದ ಒಂದು ಬೆರಳು ಮೇಲೆ ನೀಟಾಗಿ ಕತ್ತರಿಸ್ಬೇಕು. ಶಿಬಿರದಲ್ಲಿ ಕೈ ಹಿಡಿದು ಕಲಿಸಿದ್ದಾರೆ."

"ಬುಡ ನೋಡದೆ ಯಾವುದು ಏನು ಅಂತ ಹೇಗೆ ಗೊತ್ತಾಗುತ್ತೆ ಭಾವ?"

"ಅನುಭವ," ಅಂದ್ರು. ಎರಡು ದಿನದ ಅನುಭವ!

ಮೊದಲ ಸಲ ಬುಟ್ಟಿ ಮನೆಗೆ ಬಂದಾಗ ಅಕ್ಕ ಅಡುಗೆಮನೆ ಬಾಗಿಲು ಮುಚ್ಚಿಕೊಂಡು ನನಗೆ ಫೋನ್ ಮಾಡಿದ್ದಳು. "ಬೇಡ ಅಂದ್ರೆ ಮೂರು ದಿನ ಮುಖ ಊದಿಸ್ಕೋತಾರೆ ಕಣೇ. ಏನ್ ಮಾಡ್ಲಿ?" ಮೂವತ್ತನಾಲ್ಕು ವರ್ಷದಿಂದ ಗಂಡ ಅಂದಿದ್ದಕ್ಕೆಲ್ಲ ಕೋಲೆ ಬಸವನ ಥರ ತಲೆ ಆಡಿಸಿಕೊಂಡು ಬಂದವಳು ಇನ್ನೇನು ಕೇಳ್ತಾಳೆ? ನನಗೆ ರೇಗಿಹೋಯ್ತು. "ಎಸಿ ಅತ್ಲಾಗೆ. ಕ್ಯಾಂಟೀನಿಗೆ ತರಕಾರಿ ತರೋನ ಹತ್ರ ನಾನು ಒಂದು ಪೊಟ್ಟಣ ತೊಗೊಂಡು ಬರ್ತೀನಿ. ಸಣ್ಣಗೆ ಹೆಚ್ಚು, ಈರುಳ್ಳಿ ಬೆಣ್ಣೆ ಹಾಕಿ ಕಪ್ಪಗಾಗೋ ಹಾಗೆ ಹುರಿ, ಮೆಣಸು ಜಾಸ್ತಿ ಹಾಕು. ಆ ಮಹಾನುಭಾವರಿಗೆ ಏನ್ ಗೊತ್ತಾಗುತ್ತೆ?"

ಏನೂ ಗೊತ್ತಾಗಲಿಲ್ಲ. ಹುಡುಕೋದು ಗಂಡಸಿನ ವಿದ್ಯೆ, ಬೇಯಿಸೋದು ಹೆಂಗಸಿನ ಚಾಕರಿ ಅನ್ನೋ ಮನುಷ್ಯ ಅಡುಗೆಮನೆಗೆ ಯಾಕೆ ಕಾಲಿಡ್ತಾರೆ? ಮೊದಲ ತುತ್ತಿಗೇ ಕಣ್ಣು ಮುಚ್ಚಿ, "ಆಹಾ, ಇದು ಕಾಡಿನ ರುಚಿ! ಅಂಗಡೀದು ಒದ್ದೆ ಕಾಗದ ತಿಂದ ಹಾಗಿರುತ್ತೆ," ಅಂದ್ರು. ನಾನು ಅಡುಗೆಮನೆಗೆ ಓಡಿಹೋಗಿ ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ. ಇನ್ನೊಂದು ಸಲ ಅಕ್ಕ ಬೇಕಂತಲೇ, "ಇವತ್ತು ಅಂಗಡೀದು ರೀ," ಅಂತ ಹೇಳಿ ಅದನ್ನೇ ಬಡಿಸಿದಳು. ಥೂ ಅಂತ ತಟ್ಟೆ ಅಂಚಿಗೆ ಉಗಿದ್ರು. ಅವತ್ತು ನಾವು ಅಕ್ಕತಂಗೀರು ಪಾತ್ರೆ ತೊಳೀತಾ ನಕ್ಕಿದ್ದಕ್ಕೆ ನಾಲ್ಕು ಲೋಟ ಕೈಜಾರಿ ಬಿದ್ವು. ಅಷ್ಟು ಖುಷಿಯಾಗಿ ನಾವು ಚಿಕ್ಕವರಿದ್ದಾಗಲೂ ನಕ್ಕಿರಲಿಲ್ಲ.

ಹೀಗೆ ಎರಡು ವರ್ಷ. ಪ್ರತಿ ಭಾನುವಾರ ನಾನು ಪೊಟ್ಟಣ ಚೀಲದ ತಳದಲ್ಲಿ ಇಟ್ಟುಕೊಂಡು ಹೋಗೋದು, ಅಕ್ಕ ಅದನ್ನ ಫ್ರಿಜ್ಜಿನ ಡಬ್ಬಿಗೆ ಸೇರಿಸೋದು. ಒಬ್ಬರಿಗೂ ಹೊಟ್ಟೆನೋವು ಅಂತ ಬರಲಿಲ್ಲ. ಅಂಗಡಿ ಅಣಬೆ ತಿಂದು ಯಾರಿಗೆ ತಾನೆ ಬರುತ್ತೆ? ಪಂಡಿತರು ಮಾತ್ರ ಅದನ್ನ ತಮ್ಮ ಲೆಕ್ಕಕ್ಕೆ ಬರ್ಕೊಂಡ್ರು. "ಎರಡು ವರ್ಷ, ಒಂದು ತೇಗೂ ಹೆಚ್ಚು ಕಡಿಮೆ ಆಗಿಲ್ಲ. ಇದಕ್ಕಿಂತ ಪುರಾವೆ ಬೇಕಾ?"

ಅವರಿಗೆ ಒಬ್ಬ ಶಿಷ್ಯೆಯೂ ಸಿಕ್ಕಿದ್ರು. ಮಹಡಿ ಮನೆ ಟೀಚರ್. ಒಂಟಿ ಹೆಂಗಸು, ಗಣಿತ ಹೇಳಿಕೊಡೋದು, ಮೆಟ್ಟಿಲು ಹತ್ತುವಾಗಲೂ ಎಣಿಸಿಕೊಂಡು ಹತ್ತೋ ಜಾತಿ. ಎಲ್ಲದಕ್ಕೂ ಅನುಮಾನ ಪಡೋರು ಈ ಪಂಡಿತರನ್ನ ಹೇಗೆ ನಂಬಿದ್ರೋ ದೇವರೇ ಬಲ್ಲ. ಅಲ್ಲ, ದೇವರು ಯಾಕೆ, ನಾನೂ ಬಲ್ಲೆ. ಒಂದು ಭಾನುವಾರ ಮೆಟ್ಟಿಲ ಹತ್ರ ನನ್ನನ್ನ ನಿಲ್ಲಿಸಿ ಕೇಳಿದ್ರು. "ನೀವು ಅಡುಗೆ ಬಲ್ಲವರು. ಅವರು ತರೋ ಅಣಬೆ ನೀವೂ ತಿಂತೀರಾ? ನಿಜವಾಗ್ಲೂ ಏನೂ ಆಗಲ್ವಾ?"

"ಪ್ರತಿ ಭಾನುವಾರ ತಿಂತೀನಲ್ಲ. ನೋಡಿ, ಹೇಗಿದೀನಿ," ಅಂದೆ. ಅಂದು, ಒಳಗೆ ಬಂದು ಅಕ್ಕನಿಗೆ ಹೇಳಿ ಇನ್ನೊಂದು ಸುತ್ತು ನಕ್ಕೆ.

ಅದೇ ವಾರ ಶನಿವಾರ ಪಂಡಿತರು ಮುಚ್ಚಿದ ಗಾಜಿನ ಕಾರ್ಖಾನೆ ಹಿಂದಿನ ತೋಪಿನಿಂದ ಬುಟ್ಟಿ ತುಂಬ ಬಿಳೀ ಅಣಬೆ ತಂದ್ರು. ಮನೆಯೊಳಗೆ ಬರೋಕೆ ಮೊದಲು ಮೆಟ್ಟಿಲಲ್ಲೇ ಅರ್ಧ ಟೀಚರಿಗೆ ಕೊಟ್ಟರು. ಅಕ್ಕನಿಗೆ ಹೇಳಲಿಲ್ಲ. ದಾನ ಮಾಡೋವಾಗ ಹೆಂಡತಿಯನ್ನ ಕೇಳೋ ಅಭ್ಯಾಸ ಅವರಿಗಿಲ್ಲ. ಉಳಿದರ್ಧ ಅಕ್ಕನ ಕೈಗೆ ಬಂತು, ಕಸಕ್ಕೆ ಹೋಯ್ತು, ಡಬ್ಬಿಯ ಅಂಗಡಿ ಅಣಬೆ ಬಾಣಲೆಗೆ ಬಿತ್ತು. ಮಧ್ಯಾಹ್ನ ಕೆಳಗೆ ಗಂಡ ಹೆಂಡತಿ ಉಂಡ್ರು. ಸಂಜೆ ಮಹಡಿಯಲ್ಲಿ ಟೀಚರ್ ಒಬ್ಬರೇ ಉಂಡ್ರು.

ಭಾನುವಾರ ಬೆಳಿಗ್ಗೆ ನಾನು ಹೋದಾಗ ಟೀಚರ್ ಮೆಟ್ಟಿಲ ಮೇಲೆ ಗೋಡೆಗೆ ಒರಗಿ ಕೂತಿದ್ರು, ಮುಖ ಸುಣ್ಣ. ಬೆಳಗಿನ ಜಾವದಿಂದ ವಾಂತಿ ಭೇದಿ. ಅಕ್ಕ ಅವರ ತಲೆ ಹಿಡ್ಕೊಂಡಿದ್ದಳು. ಟ್ಯಾಕ್ಸಿಯಲ್ಲಿ ಆಸ್ಪತ್ರೆಗೆ ಹೋದ್ವಿ. ದಾರಿಯಲ್ಲಿ ಪಂಡಿತರು, "ಹಾಲು ಕೆಟ್ಟಿರ್ಬೇಕು," ಅಂದ್ರು. ಆಮೇಲೆ ಮೆಲ್ಲಗೆ, "ಅಣಬೆನೂ ಕೊಟ್ಟಿದ್ದೆ ಅನ್ನು. ಆದ್ರೆ ಅದು ಒಳ್ಳೇದು," ಅಂದ್ರು. ಅಕ್ಕ ಥಟ್ಟನೆ ತಿರುಗಿ ನನ್ನ ಮುಖ ನೋಡಿದಳು. ನಾನು ಕಿಟಕಿಯಾಚೆ ನೋಡಿದೆ.

ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ, ಆದ್ರೆ ಚುರುಕು. ನಿನ್ನೆ ಏನು ತಿಂದ್ರು ಅಂತ ಕೇಳಿದಳು. ಟೀಚರ್ ಅಣಬೆ ಅಂದ ತಕ್ಷಣ ಅವಳ ಮುಖ ಬಿಗಿಯಾಯ್ತು. "ಕಾಡಿನದಾ?"

ಪಂಡಿತರು ಎದೆ ಮುಂದೆ ಮಾಡಿಕೊಂಡು ಬಂದ್ರು. "ಅದರಿಂದ ಅಲ್ಲವೇ ಅಲ್ಲ ಡಾಕ್ಟರ್. ಅದೇ ಬುಟ್ಟಿದು ನಾನೂ ನನ್ನ ಹೆಂಡತಿಯೂ ನಿನ್ನೆ ಮಧ್ಯಾಹ್ನವೇ ತಿಂದಿದೀವಿ. ನೋಡಿ, ಗುಂಡುಕಲ್ಲಿನ ಥರ ಇದೀವಿ. ನಾನು ಸರ್ಟಿಫಿಕೇಟ್ ಇರೋನು."

ಡಾಕ್ಟರ ಪೆನ್ನು ನಿಂತಿತು. "ಒಂದೇ ಬುಟ್ಟಿದಾ? ಇಬ್ಬರೂ ತಿಂದ್ರಾ? ಏನೂ ಆಗಿಲ್ವಾ?" ಬರೆದಿದ್ದನ್ನ ಹೊಡೆದುಹಾಕಿದಳು. "ಹಾಗಾದ್ರೆ ಬೇರೇನೋ ಹಳಸಿದ್ದು ತಿಂದಿರ್ಬೇಕು. ಗ್ಲೂಕೋಸ್ ಹಾಕ್ತೀವಿ. ವಾಂತಿ ನಿಂತ ಮೇಲೆ ಮನೆಗೆ ಕರ್ಕೊಂಡು ಹೋಗಿ."

ಬುಡದಲ್ಲಿ ಚೀಲ ಇರೋ ಅಣಬೆ ತಿಂದೋರಿಗೆ ವಾಂತಿ ನಿಲ್ಲುತ್ತೆ. ಒಂದು ದಿನ ಚೆನ್ನಾಗಿಯೂ ಇರ್ತಾರೆ. ಆಮೇಲೆ ಲಿವರ್ ಹೋಗುತ್ತೆ, ಮನುಷ್ಯರೂ ಹೋಗ್ತಾರೆ. ಇದನ್ನ ನಮಗೆ ಅಮ್ಮ ನೂರು ಸಲ ಹೇಳಿದ್ದಳು. ನನಗೆ ಗೊತ್ತಿತ್ತು. ಬಾಯಿ ತೆರೆದು ಒಂದು ಮಾತು ಹೇಳಿದ್ರೆ ಸಾಕಿತ್ತು.

ನಾನು ಹೇಳಲಿಲ್ಲ. ನರ್ಸು ಟೀಚರ್ ಕೈಯಲ್ಲಿ ನರ ಹುಡುಕಿದಳು, ಸಿಗಲಿಲ್ಲ. ಇನ್ನೊಂದು ಕೈ ತಟ್ಟಿದಳು, ಸಿಗಲಿಲ್ಲ. ಮತ್ತೆ ಮೊದಲನೇ ಕೈಗೆ ಬಂದು ಸೂಜಿ ಚುಚ್ಚಿ, ಅಂಟುಪಟ್ಟಿ ಹಾಕಿದಳು. ಅಷ್ಟು ಹೊತ್ತು ನಾನು ಸುಮ್ಮನೆ ನಿಂತಿದ್ದೆ. ಅಕ್ಕನ ಸಂಸಾರ ಹಾಳಾಗುತ್ತೆ ಅಂತ ಬಾಯಿ ಬಿಡಲಿಲ್ಲ ಅಂತ ಹೇಳಿಕೊಳ್ಳಬಹುದು. ಸುಳ್ಳು. ಮೆಟ್ಟಿಲ ಹತ್ರ ನಾನು ಆಡಿದ ಮಾತು ಮಂಚದ ಮೇಲೆ ಮಲಗಿತ್ತು, ನನಗೆ ಅದರ ಭಯ. ಟೀಚರ್ ಬೇರೆ, "ಸಾರಿ, ಎಲ್ರಿಗೂ ತೊಂದರೆ ಕೊಟ್ಟೆ," ಅಂತಿದ್ರು.

"ನಾವು ತಿಂದಿಲ್ಲ," ಅಂತ ಯಾರೋ ಅಂದ್ರು. ಅಕ್ಕ!

"ಏನೇ ಬಡಬಡಿಸ್ತಿದೀಯ?" ಅಂದ್ರು ಪಂಡಿತರು.

ಅಕ್ಕ ಗಂಡನ ಕಡೆ ನೋಡಲೇ ಇಲ್ಲ. ಡಾಕ್ಟರಿಗೇ ಹೇಳಿದಳು. "ಇವರು ತಂದಿದ್ದನ್ನ ನಾನು ಯಾವತ್ತೂ ಬೇಯಿಸಿಲ್ಲಮ್ಮ. ಎರಡು ವರ್ಷದಿಂದ ಎಸೀತಾ ಇದೀನಿ. ನಾವು ತಿಂದಿದ್ದು ಅಂಗಡೀದು. ನಿಜವಾದದ್ದು ತಿಂದಿರೋದು ಈ ಟೀಚರ್ ಒಬ್ಬರೇ. ಎಲ್ಲಾ ನಾನೇ ಮಾಡಿದ್ದು, ಬೇರೆ ಯಾರಿಗೂ ಗೊತ್ತಿಲ್ಲ. ಬೇಗ ಏನಾದ್ರೂ ಮಾಡಿ."

ಡಾಕ್ಟರು ಓಡಿದಳು. ಆಚೆಯಿಂದ ಇನ್ನಿಬ್ಬರು ಬಂದ್ರು, ಮಂಚ ಉರುಳಿಸಿಕೊಂಡು ಹೋದ್ರು. ಪಂಡಿತರು ಗೋಡೆ ಹಿಡ್ಕೊಂಡು ನಿಂತಿದ್ರು. ಒಂದು ಜೀವ ಹೋಗೋ ಹೊತ್ತಲ್ಲಿ ಆ ಮನುಷ್ಯ ಕೇಳಿದ್ದೇನು ಗೊತ್ತಾ? "ಹಾಗಾದ್ರೆ... ಆ ಕಾಡಿನ ರುಚಿ?"

"ಮೆಣಸು," ಅಂದಳು ಅಕ್ಕ.

ಬೇರೆ ದಿನವಾಗಿದ್ರೆ ಆ ಮಾತಿಗೆ ನಾನು ನೆಲಕ್ಕೆ ಬಿದ್ದು ನಗ್ತಿದ್ದೆ.

ಡಾಕ್ಟರು ಮತ್ತೆ ಬಂದು ಬುಡಸಮೇತ ಒಂದು ಅಣಬೆ ಬೇಕು ಅಂದಳು. ನಾನೂ ಪಂಡಿತರೂ ತೋಪಿಗೆ ಹೋದ್ವಿ. ಮರದ ಕೆಳಗೆ ಹದಿನೈದು ಇಪ್ಪತ್ತು ಮೋಟು, ಎಲ್ಲಾ ಒಂದು ಬೆರಳೆತ್ತರಕ್ಕೆ ನೀಟಾಗಿ ಕತ್ತರಿಸಿದ್ದು. ತೂಕ-ಅಳತೆಯವರಲ್ವಾ! ಅವರು ಬ್ರಷ್ಷಲ್ಲಿ ಮಣ್ಣು ಗುಡಿಸೋಕೆ ಶುರು ಮಾಡಿದ್ರು. "ಸರೀರಿ ಆ ಕಡೆ," ಅಂತ ನಾನು ಬೆರಳು ಇಳಿಸಿ ಎತ್ತಿದೆ. ಬುಡದಲ್ಲಿ ಚೀಲ, ಒಡೆದ ಮೊಟ್ಟೆಸಿಪ್ಪೆ.

ಪಂಡಿತರು ಅದನ್ನ ನೋಡಿ, ನನ್ನ ನೋಡಿ, "ನಿನಗೂ ಗೊತ್ತಿರಲಿಲ್ಲ ಅಲ್ವೇನಮ್ಮ? ನಿನ್ನ ಅಕ್ಕ ಹೀಗೆ ಮಾಡ್ತಿದ್ದಾಳೆ ಅಂತ?" ಅಂದ್ರು.

"ಇಲ್ಲ ಭಾವ," ಅಂದೆ.

ಎರಡು ವರ್ಷ ಅವರನ್ನ ಆಡಿಕೊಂಡ ನಾಲಿಗೆ ಅಷ್ಟು ಸಲೀಸಾಗಿ ಹೊರಳಿತು. ಥೂ ನನ್ನ ಜನ್ಮಕ್ಕೆ.

ಟೀಚರ್ ಉಳಿದ್ರು. ಹತ್ತೊಂಬತ್ತು ದಿನ ಆಸ್ಪತ್ರೆಯಲ್ಲಿದ್ದು, ಅರ್ಧ ಆಳಾಗಿ ಬಂದ್ರು. ಬಂದವರೇ ಅಕ್ಕನ ಎರಡೂ ಕೈ ಹಿಡ್ಕೊಂಡು ಅತ್ರು. ನನ್ನ ಕಡೆ ನೋಡಿ ಸುಮ್ಮನೆ ತಲೆಯಾಡಿಸಿದ್ರು. ಅವರು ಎಣಿಸಿಕೊಂಡು ಮೆಟ್ಟಿಲು ಹತ್ತೋರು, ಎಲ್ಲಾ ಲೆಕ್ಕ ಹಾಕಿರ್ತಾರೆ.

ಪಂಡಿತರು ಒಂದು ತಿಂಗಳು ಮುಖ ಊದಿಸಿಕೊಂಡಿದ್ರು. ಈಗ ಅವರ ಬಾಯಲ್ಲಿ ಹೊಸ ಭಾಷಣ. ಬೀದಿಯಲ್ಲಿ ಸಿಕ್ಕೋರನ್ನೆಲ್ಲ ನಿಲ್ಲಿಸಿ, "ವೈಜ್ಞಾನಿಕವಾಗಿ ನೋಡಿದ್ರೆ ಬುಡವೇ ಮುಖ್ಯ," ಅಂತಾರೆ. ಜಟ್ಟಿ ಕೆಳಗೆ ಬಿದ್ರೂ ಮೀಸೆ ಮಣ್ಣಾಗಲಿಲ್ಲ. ಸರ್ಟಿಫಿಕೇಟು ಗೋಡೆ ಮೇಲೇ ಇದೆ. ಅಂಗಡಿ ಅಣಬೆಯನ್ನ ಅಂಗಡೀದು ಅಂತ ಗೊತ್ತಿದ್ದೇ ತಿಂದು, "ಪರವಾಗಿಲ್ಲ," ಅಂತಾರೆ.

ಹೋದ ಭಾನುವಾರವೂ ನಾನು ಪೊಟ್ಟಣ ತೊಗೊಂಡು ಹೋದೆ. ಬಚ್ಚಿಡೋ ಕೆಲಸ ಇಲ್ಲವಲ್ಲ, ಕೈಯಲ್ಲೇ ಹಿಡ್ಕೊಂಡು ಹೋದೆ. ಅಕ್ಕ ಪೊಟ್ಟಣ ಬಿಚ್ಚಿ ತಟ್ಟೆಗೆ ಸುರಿದಳು. ಒಂದೊಂದನ್ನೇ ತೆಗೆದು, ತಲೆಕೆಳಗು ಮಾಡಿ, ಬುಡ ನೋಡಿ ಪಕ್ಕಕ್ಕಿಟ್ಟಳು. ಒಂದನ್ನ ಬಟ್ಟಲಲ್ಲಿ ಹಾಕಿ ಕಿಟಕಿ ಮೇಲಿಟ್ಟಳು. ಆಸ್ಪತ್ರೆಯ ಮಾತು ಅವಳು ಇವತ್ತಿನವರೆಗೂ ನನ್ನ ಹತ್ರ ಎತ್ತಿಲ್ಲ.

"ಅಂಗಡೀದು ಕಣೇ ಅಕ್ಕ. ಅದ್ರಲ್ಲಿ ಏನು ನೋಡ್ತೀಯ?" ಅಂದೆ, ನಗಿಸೋ ಆಸೆಯಿಂದ.

ಅವಳು ನಗಲಿಲ್ಲ. "ತಂದೋಳು ನೀನಲ್ವಾ," ಅಂದು ಮುಂದಿನ ಅಣಬೆ ಕೈಗೆ ತೊಗೊಂಡಳು.